ಅಲಾಸ್ಕಾ ಹೆದ್ದಾರಿಯಲ್ಲಿ ಆರ್‌ವಿ ಪ್ರವಾಸ: ಪ್ರಾಣಿಗಳು ಕಾಣಬೇಕಾದರೆ ಏನು ಮಾಡಬೇಕು? ಅನುಭವವಿರುವವರು ತಿಳಿಸಿ

ಪ್ರಶ್ನೆ

ನಮಸ್ಕಾರ. ನಾವು ಕ್ಯಾಲ್ಗರಿಯಲ್ಲಿದ್ದೇವೆ. ಜೂನ್ ಎರಡನೆಯ ವಾರದಿಂದ ಹದಿನಾರು ದಿನ ರಜೆ ಹಾಕಿ, ಇಪ್ಪತ್ತೈದು ಅಡಿಯ ಆರ್‌ವಿ (ಅಡುಗೆಮನೆ, ಹಾಸಿಗೆ ಇರುವ ಮನೆಬಂಡಿ) ಬಾಡಿಗೆಗೆ ಹಿಡಿದಿದ್ದೇವೆ. ಡಾಸನ್ ಕ್ರೀಕ್‌ನಿಂದ ಅಲಾಸ್ಕಾ ಹೆದ್ದಾರಿಯಲ್ಲಿ ವೈಟ್‌ಹಾರ್ಸ್, ಕ್ಲುವಾನಿ ಕೆರೆ, ಸಾಧ್ಯವಾದರೆ ಅಲಾಸ್ಕಾದ ಡೆನಾಲಿ ರಾಷ್ಟ್ರೀಯ ಉದ್ಯಾನದವರೆಗೂ ಹೋಗಿಬರುವ ಆಸೆ. ಜೊತೆಗೆ ಎಂಟು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳು, ಹುಣಸೂರಿನಿಂದ ಬಂದಿರುವ ನನ್ನ ತಂದೆ. ನಾಗರಹೊಳೆಯ ಅಂಚಿನಲ್ಲೇ ಬದುಕು ಕಳೆದವರು ಅವರು. ಗ್ರಿಜ್ಲಿ ಕರಡಿಯನ್ನು ಒಮ್ಮೆ ನೋಡಬೇಕು ಎಂದು ವಿಮಾನ ಹತ್ತುವ ಮೊದಲೇ ಹೇಳಿದ್ದರು. ಹೋದ ವರ್ಷ ಜಾಸ್ಪರ್‌ನಲ್ಲಿ ನಾಲ್ಕು ದಿನ ಸುತ್ತಿದರೂ ದೂರದಲ್ಲಿ ಒಂದು ಎಲ್ಕ್ (ದೊಡ್ಡ ಜಿಂಕೆ) ಬಿಟ್ಟರೆ ನಮಗೆ ಏನೂ ಕಾಣಲಿಲ್ಲ. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿನಲ್ಲಿ ನೋಡಬೇಕು, ವಾಹನದೊಳಗೆ ನಮ್ಮ ಅಡುಗೆ ಮಾಡಿಕೊಂಡರೆ ತೊಂದರೆಯೇ? ದಯವಿಟ್ಟು ತಿಳಿಸಿ.

ಎಡ್ಮಂಟನ್‌ನಿಂದ

ನಾನು ಈ ದಾರಿಯಲ್ಲಿ ಮೂರು ಸಲ ಹೋಗಿಬಂದಿದ್ದೇನೆ. ಮೊದಲ ಸಲ ದಿನಕ್ಕೆ ಆರುನೂರು ಕಿಲೋಮೀಟರ್ ಓಡಿಸಿದೆ. ಕರಡಿಗಳು ಕಂಡವು, ಆದರೆ ಕಂಡಷ್ಟೇ ಬೇಗ ಹಿಂದೆ ಸರಿದುಹೋದವು. ಮೂರನೆಯ ಸಲ ದಿನಕ್ಕೆ ಇನ್ನೂರೈವತ್ತು ದಾಟಬಾರದು ಎಂದು ಮನೆಯವಳು ಹಟ ಹಿಡಿದಳು. ನಾನು ನಿಜವಾಗಿ ಪ್ರಾಣಿಗಳನ್ನು ನೋಡಿದ್ದು ಆಗಲೇ. ಆದ್ದರಿಂದ ಮೊದಲು ನಿಮ್ಮ ನಕ್ಷೆಯನ್ನು ಮೊಟಕುಗೊಳಿಸಿ. ಕ್ಯಾಲ್ಗರಿಯಿಂದ ವೈಟ್‌ಹಾರ್ಸ್‌ಗೇ ಸುಮಾರು 2,300 ಕಿ.ಮೀ. ಇದೆ. ಅಲ್ಲಿಂದ ಡೆನಾಲಿಗೆ ಮತ್ತೆ ಸಾವಿರಕ್ಕೂ ಹೆಚ್ಚು. ಹದಿನಾರು ದಿನದಲ್ಲಿ ಅಷ್ಟನ್ನೂ ತುರುಕಿದರೆ ನಿಮ್ಮ ತಂದೆ ನೋಡುವುದು ಬರೀ ರಸ್ತೆಯನ್ನು. ಕ್ಲುವಾನಿಯಲ್ಲಿ ತಿರುಗಿಕೊಳ್ಳಿ.

ಫೋರ್ಟ್ ನೆಲ್ಸನ್ ದಾಟಿದ ಮೇಲಿನ ಭಾಗವೇ ಈ ಹೆದ್ದಾರಿಯ ತಿರುಳು. ಸಮ್ಮಿಟ್ ಲೇಕ್ ಬಳಿ ರಸ್ತೆ 1,295 ಮೀಟರ್ ಎತ್ತರಕ್ಕೆ ಏರುತ್ತದೆ. ಇಡೀ ಹೆದ್ದಾರಿಯಲ್ಲಿ ಅದೇ ಎತ್ತರದ ಜಾಗ. ಅಲ್ಲಿಂದ ಮಂಚೋ ಲೇಕ್‌ವರೆಗೆ ಸ್ಟೋನ್ ಎಂಬ ಜಾತಿಯ ಕಾಡುಕುರಿಗಳು ಖನಿಜದ ಮಣ್ಣು ನೆಕ್ಕಲು ರಸ್ತೆಯಂಚಿಗೇ ಇಳಿಯುತ್ತವೆ. ಬೂದುಗಪ್ಪು ಮೈ, ಬಿಳಿ ಹಿಂಭಾಗ. ಬಂಡೆಯ ಬಣ್ಣವೇ ಅವುಗಳ ಬಣ್ಣವಾದ್ದರಿಂದ ನಿಂತಲ್ಲೇ ನಿಂತಿದ್ದರೆ ಗೊತ್ತೇ ಆಗುವುದಿಲ್ಲ. ನಮ್ಮ ಕಾಡಿನಲ್ಲಿ ಉಪ್ಪು ನೆಕ್ಕುವ ಜಾಗ ಎಂದರೆ ಏನೆಂದು ನಿಮ್ಮ ತಂದೆಯವರಿಗೆ ವಿವರಿಸಬೇಕಾಗಿಲ್ಲ. ಮಂಚೋದಲ್ಲಿ ಎರಡು ರಾತ್ರಿ ಇರಿ.

ಮುಂದೆ ಲಿಯಾರ್ಡ್ ಬಿಸಿನೀರ ಬುಗ್ಗೆಯಿಂದ ವಾಟ್ಸನ್ ಲೇಕ್ ಕಡೆಗೆ ಹೋಗುವಾಗ ವುಡ್ ಬೈಸನ್ (ನಮ್ಮ ಕಾಟಿಯಂಥ ಕಾಡುದನ) ಹಿಂಡುಗಳು ಸಿಗುತ್ತವೆ. ಉತ್ತರ ಅಮೆರಿಕದ ನೆಲದ ಮೇಲಿನ ಅತಿ ದೊಡ್ಡ ಪ್ರಾಣಿ ಅದು. ಬಲಿತ ಗಂಡು ಒಂಬೈನೂರು ಕಿಲೋ ತೂಗಬಹುದು. ಜೂನ್‌ನಲ್ಲಿ ಇಟ್ಟಿಗೆ ಬಣ್ಣದ ಕರುಗಳೂ ಜೊತೆಗಿರುತ್ತವೆ. ರಸ್ತೆಬದಿಯ ದೂಳಿನಲ್ಲಿ ಹೊರಳುವುದು, ಡಾಂಬರಿನ ಮೇಲೆಯೇ ನಿಂತುಬಿಡುವುದು ಅವುಗಳ ರೂಢಿ. ಹಾರ್ನ್ ಹೊಡೆಯಬೇಡಿ, ದಾರಿ ಬಿಡುವವರೆಗೆ ಕಾಯಿರಿ. ಕತ್ತಲಾದ ಮೇಲೆ ಆ ಭಾಗದಲ್ಲಿ ಓಡಿಸಲೇಬೇಡಿ; ಕಪ್ಪು ಮೈ, ಕಪ್ಪು ರಸ್ತೆ, ಹತ್ತಿರ ಬರುವವರೆಗೆ ಏನೂ ಕಾಣದು.

ಕಪ್ಪು ಕರಡಿಗಳಿಗಾಗಿ ನೀವು ಹುಡುಕಬೇಕಾಗಿಯೇ ಇಲ್ಲ. ಹೆದ್ದಾರಿಯ ಎರಡೂ ಬದಿ ಮರ ಕಡಿದು ತೆರವು ಮಾಡಿದ ಪಟ್ಟಿಯಲ್ಲಿ ಜೂನ್‌ನಲ್ಲಿ ಹಳದಿ ಡ್ಯಾಂಡಿಲೈಯನ್ ಹೂ ಹಾಸಿರುತ್ತದೆ. ಕರಡಿಗಳು ಅದನ್ನು ಹಸು ಮೇಯುವ ಹಾಗೆ ಮೇಯುತ್ತವೆ. ಬಣ್ಣ ನೋಡಿ ಕಪ್ಪು ಕರಡಿ, ಗ್ರಿಜ್ಲಿ ಎಂದು ನಿರ್ಧರಿಸಬೇಡಿ, ಕಂದು ಬಣ್ಣದ ಕಪ್ಪು ಕರಡಿಗಳೂ ಇವೆ. ಎತ್ತಿನ ಹಿಣಿಲಿನಂತೆ ಭುಜದ ಮೇಲೆ ಉಬ್ಬು, ಹಣೆಯಿಂದ ಮೂಗಿಗೆ ಒಳಬಾಗಿದ ಮುಖ, ಚಿಕ್ಕ ದುಂಡು ಕಿವಿ ಇದ್ದರೆ ಗ್ರಿಜ್ಲಿ.

ನಿಲ್ಲಿಸುವ ವಿಷಯ ಬಹಳ ಮುಖ್ಯ. ಕಾರು ನಿಂತಷ್ಟು ಬೇಗ ಆರ್‌ವಿ ನಿಲ್ಲುವುದಿಲ್ಲ, ಹಿಂದಿನ ಲಾರಿಯೂ ನಿಲ್ಲುವುದಿಲ್ಲ. ರಸ್ತೆಯಂಚಿನ ಜಲ್ಲಿ ಹಲವು ಕಡೆ ಮೆತ್ತಗಿದೆ. ಭಾರದ ವಾಹನ ಇಳಿಸಿದರೆ ಒಂದು ಬದಿಗೆ ವಾಲುತ್ತದೆ. ಪ್ರಾಣಿ ಕಂಡರೆ ಮುಂದೆ ಹೋಗಿಬಿಡಿ, ಮುಂದಿನ ತಂಗುಜಾಗದಲ್ಲಿ ತಿರುಗಿಸಿಕೊಂಡು ಬನ್ನಿ. ಮೇಯುವ ಕರಡಿ ಹತ್ತು ನಿಮಿಷದಲ್ಲಿ ಎಲ್ಲಿಗೂ ಹೋಗುವುದಿಲ್ಲ. ಚಾಲಕರು ರಸ್ತೆಯನ್ನಷ್ಟೇ ನೋಡಲಿ. ಕಿರುಚದೆ "ಬಲಕ್ಕೆ, ಎರಡು ಗಂಟೆ" ಎಂದು ಗಡಿಯಾರದ ಲೆಕ್ಕದಲ್ಲಿ ಹೇಳುವುದನ್ನು ಮಕ್ಕಳಿಗೆ ಮೊದಲ ದಿನವೇ ಕಲಿಸಿ.

ವೈಟ್‌ಹಾರ್ಸ್‌ನಿಂದ

ಮೇಲೆ ಬರೆದವರ ಮಾತು ಅಕ್ಷರಶಃ ಸರಿ. ಹೊತ್ತಿನ ಬಗ್ಗೆ ಮಾತ್ರ ನಾನು ಸೇರಿಸುತ್ತೇನೆ, ಏಕೆಂದರೆ ಊರಿನಿಂದ ಬಂದ ನಮ್ಮವರೆಲ್ಲ ಎಡವುವುದು ಇಲ್ಲೇ. ಬಂಡೀಪುರದಲ್ಲಿ ಬೆಳಗಿನ ಆರು, ಸಂಜೆಯ ಐದು ಎಂದು ಸಫಾರಿಗೆ ಹೋದ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಜೂನ್ ಮೂರನೆಯ ವಾರದಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಹನ್ನೊಂದೂವರೆಗೆ, ಹುಟ್ಟುವುದು ನಾಲ್ಕೂವರೆಯೊಳಗೆ. ನಡುವೆ ಪೂರ್ತಿ ಕತ್ತಲೆಯೂ ಇರುವುದಿಲ್ಲ. ನೀವು ಐದು ಗಂಟೆಗೆ ಸಂಜೆಯಾಯಿತೆಂದು ಕಿಟಕಿಗೆ ಕುಳಿತರೆ ಅದು ಪ್ರಾಣಿಗಳಿಗೆ ನಡುಮಧ್ಯಾಹ್ನ. ಮಧ್ಯಾಹ್ನದ ಊಟವಾದ ಮೇಲೆ ಎಲ್ಲರೂ ಮಲಗಿ, ರಾತ್ರಿ ಒಂಬತ್ತೂವರೆಯಿಂದ ಹನ್ನೆರಡರವರೆಗೆ ನೋಡಿ. ಇಲ್ಲವೇ ನಾಲ್ಕಕ್ಕೆ ಏಳಿ. ಮಕ್ಕಳ ನಿದ್ದೆ ಕೆಡುತ್ತದೆ ಎಂಬ ಚಿಂತೆ ಇದ್ದರೆ ಕಿಟಕಿಗಳಿಗೆ ದಪ್ಪ ಕಪ್ಪು ಬಟ್ಟೆ ತನ್ನಿ.

ಆರ್‌ವಿಯೇ ನಿಮ್ಮ ಅಟ್ಟಣೆ ಎಂದು ತಿಳಿಯಿರಿ. ಕೆರೆಯಂಚಿನ ತಂಗುಜಾಗದಲ್ಲಿ ಎಂಜಿನ್, ಜನರೇಟರ್ ಎರಡನ್ನೂ ಆರಿಸಿ, ದೀಪ ತೆಗೆದು, ಊಟದ ಮೇಜಿನ ಪಕ್ಕದ ದೊಡ್ಡ ಕಿಟಕಿಯ ಬಳಿ ಒಂದು ಗಂಟೆ ಕುಳಿತು ನೋಡಿ. ಅಲ್ಲಿಗೆ ಮೂಸ್ ಎಂಬ ಭಾರಿ ಜಿಂಕೆ ಬರುತ್ತದೆ. ನಾನು ಬಂದ ಎರಡನೆಯ ಬೇಸಿಗೆಯಲ್ಲಿ ಜೌಗಿನ ನೀರೊಂದರ ಮುಂದೆ ಹೀಗೆ ಕುಳಿತಿದ್ದೆ. ಮೊದಲು ಕಂಡದ್ದು ನೀರಿನಲ್ಲಿ ಒಂದು ಕಪ್ಪು ಕೊರಡು. ಆಮೇಲೆ ಕೊರಡು ತಲೆಯೆತ್ತಿತು. ಎರಡೂ ಕಿವಿಗಳಿಂದ ನೀರು ಸೋರುತ್ತಿತ್ತು, ಬಾಯಿಂದ ನೀರುಗಿಡದ ಉದ್ದನೆಯ ಎಳೆಗಳು ಜೋಲುತ್ತಿದ್ದವು, ಅಗಿಯುವ ಸದ್ದು ಅರೆತೆರೆದ ಕಿಟಕಿಯಿಂದ ಕೇಳುತ್ತಿತ್ತು. ನೆಲದ ಸೊಪ್ಪಿನಲ್ಲಿ ಸಿಗದ ಸೋಡಿಯಂ ಆ ನೀರುಗಿಡಗಳಲ್ಲಿ ಸಿಗುತ್ತದೆ, ಅದಕ್ಕಾಗಿಯೇ ಅವು ತಲೆ ಮುಳುಗಿಸಿ ಮೇಯುತ್ತವೆ.

ಕಡವೆಯ ಹಾಗೆ ಸಾಧು ಎಂದುಕೊಂಡು ಹತ್ತಿರ ಹೋಗಬೇಡಿ. ಜೂನ್‌ನಲ್ಲಿ ತಾಯಿ ಮೂಸ್‌ನ ಜೊತೆ ಎಳೆಗರು ಇರುತ್ತದೆ. ಕಿವಿ ಹಿಂದಕ್ಕೆ ಮಡಚಿ ಕತ್ತಿನ ಕೂದಲು ನಿಗುರಿಸಿತೆಂದರೆ ಅದು ಮೇಲೆ ಬೀಳಲಿದೆ ಎಂದರ್ಥ. ಆಗ ಓಡಿ, ದಪ್ಪ ಮರದ ಹಿಂದೆ ಸರಿಯಿರಿ. ಕರಡಿಯ ಮುಂದೆ ಮಾತ್ರ ಎಂದಿಗೂ ಓಡಬಾರದು. ಈ ವ್ಯತ್ಯಾಸ ಮಕ್ಕಳಿಗೂ ಬಾಯಿಪಾಠವಾಗಿರಲಿ. ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲಿ ಕರಡಿ, ತೋಳಗಳಿಂದ 100 ಮೀಟರ್, ಮೂಸ್, ಎಲ್ಕ್, ಕುರಿಗಳಿಂದ 30 ಮೀಟರ್ ದೂರ ಇರಬೇಕು. ಉದ್ಯಾನದ ಹೊರಗೂ ಅದನ್ನೇ ಪಾಲಿಸಿ.

ಗ್ರಿಜ್ಲಿಗೆ ನನ್ನ ಮಟ್ಟಿಗೆ ಹೇಯ್ನ್ಸ್ ಜಂಕ್ಷನ್‌ನಿಂದ ಕ್ಲುವಾನಿ ಕೆರೆಯವರೆಗಿನ ರಸ್ತೆಗಿಂತ ಒಳ್ಳೆಯ ಜಾಗವಿಲ್ಲ. ಕೆರೆಯ ತುದಿಯ ಥಚಾಲ್ ದಾಲ್ ಬೆಟ್ಟದಲ್ಲಿ ಬಿಳಿಯ ಡಾಲ್ ಕುರಿಗಳಿವೆ, ಆದರೆ ಜೂನ್ ಮಧ್ಯದ ಹೊತ್ತಿಗೆ ಹೆಚ್ಚಿನವು ರಸ್ತೆಗೆ ಕಾಣದ ಕಡೆಗೆ ಸರಿದಿರುತ್ತವೆ. ಅಲ್ಲಿನ ಮಾಹಿತಿ ಕೇಂದ್ರದ ಸಿಬ್ಬಂದಿಯನ್ನು ಕೇಳಿ, ಆ ವಾರ ಏನು ಎಲ್ಲಿ ಕಂಡಿದೆ ಎಂದು ಖುಷಿಯಿಂದ ಹೇಳುತ್ತಾರೆ. ಇಲ್ಲಿನ ಯುಕಾನ್ ಸರ್ಕಾರದ ಶಿಬಿರತಾಣಗಳಲ್ಲಿ ವಿದ್ಯುತ್ ಸಂಪರ್ಕ ಇರುವುದಿಲ್ಲ, ಸೌದೆ ಉಚಿತ.

ಸರ್ರೆಯಿಂದ

ಅಡುಗೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಆ ವಿಷಯದಲ್ಲಿ ತಪ್ಪು ಮಾಡಿದವಳು ನಾನು.

ಉತ್ತರ ಬ್ರಿಟಿಷ್ ಕೊಲಂಬಿಯಾದ ಒಂದು ಶಿಬಿರತಾಣದಲ್ಲಿ ರಾತ್ರಿ ಹುಳಿಯನ್ನ ಮಾಡಿದ್ದೆ. ಪಾತ್ರೆಯ ತಳದಲ್ಲಿ ತುಪ್ಪ, ಕಡಲೆಬೀಜ, ಸ್ವಲ್ಪ ಅನ್ನ ಉಳಿದಿತ್ತು. ಸಿಂಕ್ ಕಟ್ಟಿಕೊಳ್ಳುತ್ತದೆ ಎಂದು ತೊಳೆದ ನೀರನ್ನು ಹಿಂದಿನ ಪೊದೆಗೆ ಚೆಲ್ಲಿದೆ. ಊರಿನಲ್ಲಿ ಹಿತ್ತಿಲ ಬಾಳೆಬುಡಕ್ಕೆ ಚೆಲ್ಲಿದಷ್ಟೇ ಸಹಜವಾಗಿ. ನಸುಕಿನಲ್ಲಿ ಕಪ್ಪು ಕರಡಿಯೊಂದು ಅದೇ ಜಾಗದ ಮಣ್ಣನ್ನು ನೆಕ್ಕುತ್ತಾ ಇಪ್ಪತ್ತು ನಿಮಿಷ ನಿಂತಿತ್ತು. ಮಕ್ಕಳು ಕಿಟಕಿಯಿಂದ ನೋಡಿ ಕುಣಿದಾಡಿದರು. ಬೆಳಿಗ್ಗೆ ಮೇಲ್ವಿಚಾರಕರಿಗೆ ನಾನೇ ಹೇಳಿದೆ. ಅವರು ಬೈಯಲಿಲ್ಲ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದನ್ನು ಗುಂಡಿಕ್ಕಿ ಕೊಲ್ಲಬೇಕಾಗುತ್ತದೆ ಎಂದರು ಅಷ್ಟೇ. ಆ ಕರಡಿ ಏನಾಯಿತೋ ನನಗೆ ತಿಳಿಯಲಿಲ್ಲ. ಇವತ್ತಿಗೂ ಪಾತ್ರೆ ತೊಳೆಯುವಾಗ ಅದು ನೆನಪಾಗುತ್ತದೆ.

ಅಡುಗೆ ಧಾರಾಳವಾಗಿ ಮಾಡಿ, ಆದರೆ ವಾಹನದೊಳಗೆ ಮಾಡಿ. ಪಾತ್ರೆಯನ್ನು ಕಾಗದದಿಂದ ಒರೆಸಿ, ಆ ಕಾಗದವನ್ನು ಕರಡಿ ತೆರೆಯಲಾಗದ ಕಸದ ಪೆಟ್ಟಿಗೆಗೆ ಹಾಕಿ, ಆಮೇಲೆ ಸಿಂಕಿನಲ್ಲೇ ತೊಳೆಯಿರಿ. ತೊಟ್ಟಿಯ ನೀರನ್ನು ನಿಗದಿಯಾದ ಜಾಗದಲ್ಲಿ ಮಾತ್ರ ಬಿಡಿ. ಸೌದೆ ಒಲೆಯ ಮೇಲೆ ಜೋಳ ಸುಟ್ಟರೆ ದಂಟನ್ನೂ ಬಿಡಬೇಡಿ. ಉಪ್ಪಿನಕಾಯಿ ಭರಣಿ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಹಲ್ಲುಜ್ಜುವ ಪೇಸ್ಟ್, ಯಾವುದೂ ಹೊರಗಿನ ಮೇಜಿನ ಮೇಲೆ ಒಂದು ನಿಮಿಷವೂ ಇರಬಾರದು. ಒಗ್ಗರಣೆಯ ಘಾಟಿಗೆ ಹೆದರಿ ಬರೀ ಬ್ರೆಡ್ ತಿನ್ನುವ ಅಗತ್ಯವಿಲ್ಲ. ನಾವು ಊಟಕ್ಕೆ ದಾರಿಯಲ್ಲೇ ಎಲ್ಲಾದರೂ ನಿಲ್ಲಿಸಿ ಅಡುಗೆ ಮುಗಿಸಿ, ಮಲಗುವುದಕ್ಕೆ ಐವತ್ತು ಕಿಲೋಮೀಟರ್ ಮುಂದೆ ಹೋಗುವ ರೂಢಿ ಮಾಡಿಕೊಂಡೆವು. ಅದು ಬಹಳ ಒಳ್ಳೆಯದಾಯಿತು.

ಕರಡಿ ಸ್ಪ್ರೇ ಕೊಂಡುಕೊಳ್ಳಿ. ಮೆಣಸಿನ ಖಾರದ ಸತ್ವವೇ ಅದು. ಡ್ರಾಯರಿನಲ್ಲಿ ಇಟ್ಟರೆ ಪ್ರಯೋಜನವಿಲ್ಲ, ಸೊಂಟದಲ್ಲಿ ಇರಬೇಕು. ಸೊಳ್ಳೆ ಸ್ಪ್ರೇಯಂತೆ ಮೈಗೆ ಹೊಡೆದುಕೊಳ್ಳಬಾರದು, ಬಿಸಿಲು ಬೀಳುವ ಮುಂಗಾಜಿನ ಬಳಿ ಇಡಬಾರದು. ಲಿಯಾರ್ಡ್ ಬುಗ್ಗೆಗೆ ಹೋಗುವ ಹಲಗೆ ದಾರಿಯಲ್ಲೂ ಹಿಡಿದಿರಿ. ಸುಂದರ ಜಾಗ ಅದು, ಆದರೆ 1997ರ ಆಗಸ್ಟ್‌ನಲ್ಲಿ ಅಲ್ಲಿ ಕಪ್ಪು ಕರಡಿಯೊಂದು ಇಬ್ಬರನ್ನು ಕೊಂದಿತ್ತು.

ಸಿಯಾಟಲ್‌ನಿಂದ

ಡೆನಾಲಿಯ ಬಗ್ಗೆ ಎರಡು ಮಾತು. ನಿಮ್ಮ ತಂದೆಯವರ ಬಳಿ ಅಮೆರಿಕದ ವೀಸಾ ಇದೆಯೇ? ಕೆನಡಾದ ವೀಸಾ ಇಟ್ಟುಕೊಂಡು ಅಲಾಸ್ಕಾ ಗಡಿ ದಾಟಲಾಗದು. ಎರಡನೆಯದು, ಅಲ್ಲಿ ಬೇಸಿಗೆಯಲ್ಲಿ ಸ್ವಂತ ವಾಹನ 15ನೇ ಮೈಲಿಯವರೆಗೆ ಮಾತ್ರ, ಮುಂದೆ ಉದ್ಯಾನದ ಬಸ್ಸು. 2021ರ ಭೂಕುಸಿತದಿಂದ 43ನೇ ಮೈಲಿಯ ಬಳಿ ರಸ್ತೆ ಮುಚ್ಚಿತು. ಈಗಿನ ಸ್ಥಿತಿಯನ್ನು ಉದ್ಯಾನದ ಜಾಲತಾಣದಲ್ಲಿ ನೋಡಿ. ಇನ್ನೊಂದು ವರ್ಷಕ್ಕೆ ಇಟ್ಟುಕೊಳ್ಳಿ ಎನ್ನುವುದೇ ನನ್ನ ಸಲಹೆ.

ಟೊರಾಂಟೋದಿಂದ

ಕ್ಯಾರಿಬೂ (ಉತ್ತರದ ಹಿಮಪ್ರದೇಶದ ಜಿಂಕೆ) ಹಿಂಡು ನೋಡಲು ಡೆಂಪ್‌ಸ್ಟರ್ ಹೆದ್ದಾರಿಗೆ ಹೋಗಿ ಎಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಜೂನ್‌ನಲ್ಲಿ ಹೋಗಬೇಡಿ. ಅಲ್ಲಿನ ಪೋರ್ಕ್ಯುಪೈನ್ ಎಂಬ ಹೆಸರಿನ ಕ್ಯಾರಿಬೂ ಹಿಂಡು ಆಗ ಮರಿಹಾಕಲು ಆರ್ಕ್ಟಿಕ್ ಕರಾವಳಿಯಲ್ಲಿರುತ್ತದೆ. ಏಳುನೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಜಲ್ಲಿ ರಸ್ತೆ ಅದು, ಬಾಡಿಗೆ ಒಪ್ಪಂದಗಳಲ್ಲಿ ಬಹಳಷ್ಟು ಅದನ್ನು ನಿಷೇಧಿಸುತ್ತವೆ. ಹಾಗೆಯೇ ಅಲಾಸ್ಕಾದ ಹೈಡರ್‌ನ ಫಿಶ್ ಕ್ರೀಕ್‌ನಲ್ಲಿ ಕರಡಿಗಳು ಮೀನು ಹಿಡಿಯುವುದನ್ನು ನೋಡಬೇಕಾದರೆ ಜುಲೈ ಮಧ್ಯದಿಂದ ಸೆಪ್ಟೆಂಬರ್‌ನೊಳಗೆ ಹೋಗಬೇಕು.

ಕ್ಯಾಮೆರಾಕ್ಕೆ ಮೂರು ಕಾಲಿನ ಸ್ಟ್ಯಾಂಡ್ ಹೊರಬೇಡಿ. ಎರಡು ಕಿಲೋ ಸೋನಾ ಮಸೂರಿ ಅಕ್ಕಿಯ ಚೀಲವನ್ನು ಕಿಟಕಿಯ ಅಂಚಿನ ಮೇಲೆ ಹಾಕಿ ಲೆನ್ಸ್ ಅದರ ಮೇಲೆ ಒರಗಿಸಿ, ಅಲುಗುವುದಿಲ್ಲ. ಬೈನಾಕ್ಯುಲರ್ ಒಬ್ಬೊಬ್ಬರಿಗೆ ಒಂದೊಂದು ಇರಲಿ. ಒಂದೇ ಇದ್ದರೆ ಕೈಬದಲಾಗುವಷ್ಟರಲ್ಲಿ ತೋಳ ಮರೆಯಾಗಿರುತ್ತದೆ. ಸ್ಪ್ರೂಸ್ ಕಾಡಿನಲ್ಲಿ ಮರದ ಗೆರೆಗಳೆಲ್ಲ ನೆಟ್ಟಗೆ ಇರುತ್ತವೆ. ಅಡ್ಡಕ್ಕೆ ಒಂದು ಗೆರೆ ಕಂಡರೆ ಅದು ಬೆನ್ನು ಇರಬಹುದು, ಅಲ್ಲೇ ಕಣ್ಣಿಡಿ.

ಪ್ರಶ್ನೆ ಕೇಳಿದವರಿಂದ, ಜುಲೈನಲ್ಲಿ

ಹೋಗಿಬಂದೆವು. ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಡೆನಾಲಿಯನ್ನು ಕೈಬಿಟ್ಟು ಮಂಚೋದಲ್ಲಿ ಎರಡು, ಕ್ಲುವಾನಿಯಲ್ಲಿ ನಾಲ್ಕು ರಾತ್ರಿ ತಂಗಿದೆವು. ಕಪ್ಪು ಕರಡಿಗಳನ್ನು ಇಪ್ಪತ್ತರ ಮೇಲೆ ಮಕ್ಕಳು ಎಣಿಸಲಿಲ್ಲ. ಬೈಸನ್ ಹಿಂಡಿಗಾಗಿ ನಲವತ್ತು ನಿಮಿಷ ರಸ್ತೆಯಲ್ಲೇ ಕಾದೆವು. ತೋಳ ಕಾಣಲಿಲ್ಲ. ಸೊಳ್ಳೆಗಳ ಬಗ್ಗೆ ಯಾರೂ ಎಚ್ಚರಿಸಿರಲಿಲ್ಲ, ಮುಂದೆ ಹೋಗುವವರು ತಲೆಗೆ ಹಾಕುವ ಬಲೆ ಖಂಡಿತ ಒಯ್ಯಿರಿ.

ಕ್ಲುವಾನಿಯ ಮೂರನೆಯ ಬೆಳಗು, ನಾಲ್ಕೂ ಮುಕ್ಕಾಲಿಗೆ, ಅಪ್ಪ ನನ್ನ ಕಾಲು ಮುಟ್ಟಿ ಎಬ್ಬಿಸಿದರು. ಮಾತಾಡಲಿಲ್ಲ, ಕಿಟಕಿಯತ್ತ ಬೆರಳು ತೋರಿಸಿದರು. ರಸ್ತೆಯಾಚೆಯ ಇಳಿಜಾರಿನಲ್ಲಿ, ಇನ್ನೂರು ಮೀಟರಿಗೂ ಹೆಚ್ಚು ದೂರದಲ್ಲಿ, ಗ್ರಿಜ್ಲಿಯೊಂದು ಬೇರು ಅಗೆಯುತ್ತಿತ್ತು. ಅದು ಉಗುರು ಊರಿ ಹಿಂದಕ್ಕೆ ಜಗ್ಗಿದಾಗ ಹಿಣಿಲಿನ ಕೂದಲು ಅಲುಗುವುದು, ಹುಲ್ಲಿನ ಹೆಂಟೆ ಮಗುಚಿ ಬೀಳುವುದು ಬೈನಾಕ್ಯುಲರ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. "ನಮ್ಮ ಕಡೆ ಕರಡಿ ಹುತ್ತ ಅಗೆಯುವುದೂ ಹೀಗೆಯೇ, ಮೊದಲು ಮೂಸುತ್ತದೆ, ಆಮೇಲೆ ಕೈ ಹಾಕುತ್ತದೆ" ಎಂದರು ಅಪ್ಪ ಮೆಲ್ಲಗೆ. ಮಕ್ಕಳನ್ನು ಎಬ್ಬಿಸಿದೆವು. ಅದು ಪೊದೆಗಳ ಹಿಂದೆ ಸರಿಯುವವರೆಗೆ ಅಪ್ಪ ಫೋಟೋ ತೆಗೆಯಲೂ ಏಳಲಿಲ್ಲ.

ಬಳಸದೇ ಉಳಿದ ಎರಡು ಡಬ್ಬಿ ಕರಡಿ ಸ್ಪ್ರೇ ನನ್ನ ಬಳಿ ಇವೆ, ಅವಧಿ ಇನ್ನೂ ಮುಗಿದಿಲ್ಲ. ವಿಮಾನದಲ್ಲಿ ಅದನ್ನು ತರಲು ಬಿಡುವುದಿಲ್ಲವಾದ್ದರಿಂದ, ಆಗಸ್ಟ್‌ನಲ್ಲಿ ಕ್ಯಾಲ್ಗರಿಗೆ ಹಾರಿಬಂದು ಉತ್ತರಕ್ಕೆ ಹೊರಡುವವರು ಇದ್ದರೆ ತಿಳಿಸಿ, ಕೊಡುತ್ತೇನೆ.