ಒಂದೇ ಅಲಗಿನ ಜೇಬುಚಾಕು: ಆಯ್ಕೆ ಮತ್ತು ದುರಸ್ತಿಯ ಪ್ರಶ್ನೋತ್ತರ

ನಿರ್ವಾಹಕರು: ಶಿವಮೊಗ್ಗದಲ್ಲಿ 20 ವರ್ಷಗಳಿಂದ ಚಾಕು, ಕತ್ತರಿಗಳ ಸಾಣೆ ಮತ್ತು ದುರಸ್ತಿಯ ಕೆಲಸ ಮಾಡುತ್ತಿರುವ ನಮ್ಮ ಸದಸ್ಯರು ಇಂದು ಮಡಚುವ ಜೇಬುಚಾಕಿನ ಬಗ್ಗೆ ಉತ್ತರಿಸಲಿದ್ದಾರೆ. ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಬಾರದೆಂದು ವಿನಂತಿ.

ಸದಸ್ಯ, ಸಾಗರ: ತೋಟದಲ್ಲಿ ಹಗ್ಗ ಕತ್ತರಿಸಲು, ಹಣ್ಣು ಹೆಚ್ಚಲು, ಗೊಬ್ಬರದ ಚೀಲ ಬಿಚ್ಚಲು ಒಂದೇ ಅಲಗಿನ ಹಳೆಯ ಮಾದರಿಯ ಚಾಕು ಬೇಕು. ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಏನನ್ನು ನೋಡಬೇಕು?

ಸಾಣೆಯವರು: ಉಕ್ಕಿನ ಹೆಸರನ್ನು ಆಮೇಲೆ ಓದಿ, ಮೊದಲು ಕೀಲನ್ನು ನೋಡಿ. ಹಳೆಯ ಮಾದರಿಯ ಬಹುಪಾಲು ಚಾಕುಗಳು ಸ್ಲಿಪ್‌ಜಾಯಿಂಟ್ ಜಾತಿಯವು; ಅಂದರೆ ಅವುಗಳಿಗೆ ಬೀಗವಿಲ್ಲ, ಬೆನ್ನಿನ ಸ್ಪ್ರಿಂಗ್ ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ, ಅಷ್ಟೇ. ಅಲಗನ್ನು ತೆರೆದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲುಗಿಸಿದಾಗ ಅದು ಕದಲಬಾರದು. ಬೆಳಕಿಗೆ ಹಿಡಿದರೆ ಸ್ಪ್ರಿಂಗಿಗೂ ಪಕ್ಕದ ತಗಡಿಗೂ ನಡುವೆ ಬೆಳಕು ತೂರಬಾರದು. ಮಡಚಿದಾಗ ಅಲಗಿನ ತುದಿ ಹಿಡಿಯೊಳಗೆ ಪೂರ್ತಿ ಅಡಗಬೇಕು, ಇಲ್ಲವಾದರೆ ಜೇಬಿನಲ್ಲಿ ಕೈ ಹಾಕಿದ ದಿನ ತಿಳಿಯುತ್ತದೆ. ಮಡಚುವಾಗ ಅಲಗಿನ ಬಾಯಿ, ಅಂದರೆ ಹರಿತವಾದ ಅಂಚು, ಸ್ಪ್ರಿಂಗಿಗೆ ಬಡಿಯುತ್ತಿದ್ದರೆ ಎಷ್ಟು ಮಸೆದರೂ ಅದೇ ಜಾಗದಲ್ಲಿ ಮೊಂಡಾಗುತ್ತದೆ. ಉಗುರು ಸಿಕ್ಕಿಸಲು ಅಲಗಿನ ಮೇಲಿರುವ ಗೀರಿನಲ್ಲಿ ಎಳೆದರೆ ಬಿಗಿಯಾಗಿ ತೆರೆಯಬೇಕು, ಆದರೆ ಉಗುರು ಮುರಿಯುವಷ್ಟಲ್ಲ. ಅಲಗಿನ ಉದ್ದ 7ರಿಂದ 8 ಸೆಂಟಿಮೀಟರ್ ಇದ್ದರೆ ನೀವು ಹೇಳಿದ ಕೆಲಸಕ್ಕೆಲ್ಲ ಸಾಕು. ಬಾಯಿಯ ಹಿಂದೆ ಅಲಗು ತೆಳುವಾಗಿರಲಿ. ದಪ್ಪ ಅಲಗು ಮಾವಿನಕಾಯಿಯನ್ನು ಕೊಯ್ಯುವುದಿಲ್ಲ, ಸೀಳುತ್ತದೆ.

ಸದಸ್ಯೆ, ಆಗುಂಬೆ: ನನ್ನ ಬಳಿ ಒಪಿನೆಲ್ 8ನೇ ನಂಬರಿನ ಚಾಕು ಇದೆ. ಮಳೆಗಾಲದಲ್ಲಿ ತೆರೆಯಲೇ ಆಗುವುದಿಲ್ಲ. ನಕಲಿಯೇ?

ಸಾಣೆಯವರು: ನಕಲಿ ಎಂದು ಇಷ್ಟರಿಂದಲೇ ಹೇಳಲಾಗದು. ಫ್ರಾನ್ಸಿನ ಸವಾಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಆರಂಭಿಸಿದ ಈ ಚಾಕಿಗೆ ಬೆನ್ನಿನ ಸ್ಪ್ರಿಂಗ್ ಇಲ್ಲ. ಸೀಳಿದ ಮರದ ಹಿಡಿಯ ನಡುವೆ ಅಲಗು ಬಿಗಿಯಾಗಿ ಕೂರುತ್ತದೆ. ಅಲಗು ಮಡಚಿಕೊಳ್ಳದಂತೆ ತಡೆಯುವ ತಿರುಗುವ ಬಳೆ ಬಂದದ್ದು 1955ರಲ್ಲಿ. ಬೀಚ್ ಮರ ತೇವ ಹೀರಿ ಉಬ್ಬುತ್ತದೆ, ಆಗುಂಬೆಯ ಮಳೆಯಲ್ಲಿ ಉಬ್ಬದಿದ್ದರೆ ಆಶ್ಚರ್ಯ. ಬಳೆಯ ಬೀಗ ತೆಗೆದು, ಹಿಡಿಯ ಹಿಂಬದಿಯನ್ನು ಮರದ ಮೇಜಿಗೆ ತಟ್ಟಿ. ಅಲಗು ಸ್ವಲ್ಪ ಹೊರಬರುತ್ತದೆ. ಸವಾಯ್‌ನವರ ಪದ್ಧತಿಯೂ ಅದೇ. ಬೇಸಿಗೆಯಲ್ಲಿ ಹಿಡಿ ಪೂರ್ತಿ ಒಣಗಿದ ಮೇಲೆ ಕೀಲಿನ ಬಳಿಯ ಮರಕ್ಕೆ ಅಗಸೆ ಎಣ್ಣೆ ಕುಡಿಸಿ.

ಸದಸ್ಯ, ಹಾಸನ: ಕಾರ್ಬನ್ ಉಕ್ಕು ಒಳ್ಳೆಯದೋ, ಸ್ಟೇನ್‌ಲೆಸ್ ಒಳ್ಳೆಯದೋ?

ಸಾಣೆಯವರು: ಒರೆಸಿಡುವ ಅಭ್ಯಾಸವಿದ್ದರೆ ಕಾರ್ಬನ್, ಇಲ್ಲವಾದರೆ ಸ್ಟೇನ್‌ಲೆಸ್.

ಸದಸ್ಯ, ಪುತ್ತೂರು: ಸ್ಟೇನ್‌ಲೆಸ್ ಅಲಗು ಸಾಣೆಯನ್ನೇ ಹಿಡಿಯುವುದಿಲ್ಲ. ನಮ್ಮ ತಂದೆಯವರ ಕಾಲದಿಂದ ಕಪ್ಪುಕಬ್ಬಿಣದ ಚಾಕನ್ನೇ ಬಳಸಿದ್ದೇವೆ.

ಸದಸ್ಯ, ಮೈಸೂರು: ಅದು ಕಬ್ಬಿಣವಲ್ಲ, ಉಕ್ಕು. ಒಪಿನೆಲ್‌ನ ಸ್ಟೇನ್‌ಲೆಸ್ ಅಲಗು ಸ್ವೀಡನ್ನಿನ 12ಸಿ27 ಉಕ್ಕಿನದು. ಸಾಮಾನ್ಯ ಸಾಣೆಕಲ್ಲಿನ ಮೇಲೆ ಹತ್ತು ನಿಮಿಷದಲ್ಲಿ ಅದು ಕೂದಲು ಬೋಳಿಸುವಷ್ಟು ಹರಿತವಾಗುತ್ತದೆ.

ಸದಸ್ಯ, ಪುತ್ತೂರು: ನೀವು ಹಸಿ ಅಡಿಕೆ ಕೊಯ್ದು ನೋಡಿದ್ದೀರಾ?

ಸದಸ್ಯ, ಮೈಸೂರು: ಹಸಿ ಅಡಿಕೆ ಕೊಯ್ದರೆ ನಿಮ್ಮ ಅಲಗೇ ಕಪ್ಪಾಗುತ್ತದೆ, ನನ್ನದಲ್ಲ. ಅನುಭವವಿದೆ ಎಂದಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ.

ಸದಸ್ಯ, ಪುತ್ತೂರು: ಪುಸ್ತಕದ ಬದನೆಕಾಯಿ ಪಲ್ಯಕ್ಕೆ ಬರುವುದಿಲ್ಲ ಎಂಬುದನ್ನು ನಿಮ್ಮಂಥವರನ್ನು ನೋಡಿಯೇ ಹೇಳಿರಬೇಕು.

ಸಾಣೆಯವರು: ಇಬ್ಬರೂ ನಿಲ್ಲಿಸಿ. ಅಡಿಕೆಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಕಪ್ಪು ಬಣ್ಣ ಕೊಡುತ್ತದೆ. ಅದು ತುಕ್ಕಲ್ಲ, ಅದನ್ನು ಉಜ್ಜಿ ತೆಗೆಯಬೇಕಾಗಿಲ್ಲ. ಕೆಂಪಗೆ ಪುಡಿಯಾಗಿ ಏಳುವುದು ತುಕ್ಕು. ಕಾಯಿಸಿ ತಣಿಸಿ ಕೊಟ್ಟ ಹದ ಸರಿಯಾಗಿದ್ದರೆ ಎರಡು ಬಗೆಯ ಉಕ್ಕೂ ಸಾಣೆ ಹಿಡಿಯುತ್ತವೆ.

ಸದಸ್ಯೆ, ಧಾರವಾಡ: ವಾಟ್ಸ್ಆ್ಯಪ್‌ನಲ್ಲಿ ಬಂದದ್ದು: "ಚಾಕನ್ನು ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ಉಪ್ಪುನೀರಿನಲ್ಲಿ ಅದ್ದಿದರೆ ಜೀವನಪೂರ್ತಿ ಸಾಣೆ ಬೇಕಿಲ್ಲ." ಮಾಡಬಹುದೇ?

ಸಾಣೆಯವರು: ಮಾಡಬೇಡಿ. ಕಾರ್ಖಾನೆಯಲ್ಲಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ತಣಿಸಿದ ಕಾರ್ಬನ್ ಉಕ್ಕಿನ ಅಲಗನ್ನು ಮತ್ತೆ ಸುಮಾರು 200 ಡಿಗ್ರಿಯಲ್ಲಿಟ್ಟು ಹದಗೊಳಿಸಿರುತ್ತಾರೆ. ಒಲೆಯ ಮೇಲೆ ಅಲಗು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಆ ಹದ ಇಳಿದುಹೋಯಿತು, ಬಾಯಿ ಮೆತ್ತಗಾಯಿತು. ಕೆಂಪಗೆ ಕಾಯಿಸಿ ಉಪ್ಪುನೀರಿಗೆ ಹಾಕಿದರೆ ಅಲಗು ಬಿರಿಯಬಹುದು, ಬಿರಿಯದಿದ್ದರೂ ಗಾಜಿನಂತೆ ಪೆಡಸಾಗಿ ಮೊದಲ ಪೆಟ್ಟಿಗೆ ಚೂರು ಹಾರಬಹುದು, ಆ ಚೂರು ಹಾರುವುದು ಕಣ್ಣಿನ ಕಡೆಗೂ ಇರಬಹುದು. ಇಂಥ ಸಂದೇಶವನ್ನು ಮುಂದೆ ಕಳಿಸುವವರು ಒಮ್ಮೆಯಾದರೂ ಕುಲುಮೆಯ ಮುಂದೆ ಕುಳಿತಿದ್ದಾರೆಯೇ?

ಸದಸ್ಯ, ತುಮಕೂರು: ಕೀಲಿಗೆ ಹರಳೆಣ್ಣೆ ಹಾಕಬಹುದೆಂದು ಇನ್ನೊಂದು ಸಂದೇಶವಿದೆ.

ಸಾಣೆಯವರು: ಬೇಡ, ಅಂಟಾಗಿ ಧೂಳು ಕೂರುತ್ತದೆ. ಕೊಬ್ಬರಿ ಎಣ್ಣೆ ಚಳಿಯಲ್ಲಿ ಹೆಪ್ಪುಗಟ್ಟುತ್ತದೆ. ಔಷಧ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಒಂದು ಹನಿ ಸಾಕು.

ಸದಸ್ಯ, ಕೊಪ್ಪ: ಜಾತ್ರೆಯಲ್ಲಿ ಕೊಂಡ ಚಾಕಿನ ತುದಿಯಿಂದ ನಿನ್ನೆ ಸಂಜೆ ಪ್ಲಾಸ್ಟಿಕ್ ಡ್ರಮ್ಮಿಗೆ ತೂತು ಮಾಡುತ್ತಿದ್ದಾಗ ಅಲಗು ಮಡಚಿಕೊಂಡು ತೋರುಬೆರಳಿನ ಒಳಭಾಗ ಕೊಯ್ದಿತು. ಅರಿಸಿನ ಹಚ್ಚಿ ಕಟ್ಟಿದ್ದೇನೆ, ರಕ್ತ ನಿಂತಿದೆ. ಬೆರಳಿನ ತುದಿಯ ಒಂದು ಬದಿ ಜೋಮು ಹಿಡಿದಂತಿದೆ, ತುದಿಯ ಗೆಣ್ಣು ಬಾಗುತ್ತಿಲ್ಲ. ಕೀಲಿನ ರಿವೆಟ್ಟಿಗೆ ಸುತ್ತಿಗೆಯಿಂದ ಹೊಡೆದರೆ ಚಾಕು ಸರಿಯಾಗುತ್ತದೆಯೇ?

ಸಾಣೆಯವರು: ಚಾಕಿನ ಮಾತು ಆಮೇಲೆ. ತುದಿಯ ಗೆಣ್ಣು ಬಾಗುತ್ತಿಲ್ಲವೆಂದರೆ ಒಳಗೆ ಬೆರಳನ್ನು ಬಾಗಿಸುವ ಸ್ನಾಯುರಜ್ಜು ತುಂಡಾಗಿರಬಹುದು, ಜೋಮು ಹಿಡಿದಿದೆಯೆಂದರೆ ನರಕ್ಕೂ ಪೆಟ್ಟು ಬಿದ್ದಿರಬಹುದು. ನಾನು ವೈದ್ಯನಲ್ಲ, ಆದರೆ ನನ್ನ ಕೆಲಸದಲ್ಲಿ ಇಂಥ ಬೆರಳುಗಳನ್ನು ನೋಡಿದ್ದೇನೆ. ಹೊರಗಿನ ಗಾಯ ಮಾಗಿದರೂ ತಡಮಾಡಿದವರ ಬೆರಳು ಮೊದಲಿನಂತಾಗಲಿಲ್ಲ. ಕೂಡಲೇ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಹೋಗಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ಅಲ್ಲೇ ಕೇಳಿ. ಅರಿಸಿನ ಇದಕ್ಕೆ ಚಿಕಿತ್ಸೆಯಲ್ಲ.

ಇನ್ನು ಚಾಕು. ಅಲಗಿನ ತುದಿ ಕೀಲಿನಿಂದ 75 ಮಿಲಿಮೀಟರ್ ದೂರದಲ್ಲಿದ್ದು, ಸ್ಪ್ರಿಂಗ್ ಬುಡವನ್ನು ಒತ್ತುವ ಜಾಗ ಕೀಲಿನಿಂದ 5 ಮಿಲಿಮೀಟರ್ ಮಾತ್ರ ದೂರವಿದೆ ಎಂದುಕೊಳ್ಳಿ. ತುದಿಯ ಮೇಲೆ ಬೆನ್ನಿನ ಕಡೆಯಿಂದ ಬಿದ್ದ ಒತ್ತಡವನ್ನು ತಡೆಯಲು ಸ್ಪ್ರಿಂಗ್ ಅದರ 15 ಪಟ್ಟು ಬಲ ಹಾಕಬೇಕು. ಯಾವ ಒಳ್ಳೆಯ ಕಂಪನಿಯ ಸ್ಲಿಪ್‌ಜಾಯಿಂಟ್ ಆದರೂ ಚುಚ್ಚುವ ಕೆಲಸದಲ್ಲಿ ಸೋಲುವುದು ಇದರಿಂದಲೇ. ಅದು ಬಾಯಿಯ ಮೇಲೆ ಒತ್ತಿ ಕೊಯ್ಯುವುದಕ್ಕೆ ಮಾಡಿದ ಸಾಧನ. ಕೊಯ್ಯುವಾಗ ಬೀಳುವ ಒತ್ತಡ ಅಲಗನ್ನು ತೆರೆದೇ ಇಡುತ್ತದೆ. ರಿವೆಟ್ಟಿಗೆ ಹೊಡೆದರೆ ಅಕ್ಕಪಕ್ಕದ ಅಲುಗಾಟ ಕಡಿಮೆಯಾಗುತ್ತದೆಯೇ ಹೊರತು ಸ್ಪ್ರಿಂಗಿಗೆ ಬಲ ಬರುವುದಿಲ್ಲ. ಹೆಚ್ಚು ಹೊಡೆದರೆ ತಗಡುಗಳ ನಡುವೆ ಅಲಗು ಸಿಕ್ಕಿಕೊಂಡು, ಪೂರ್ತಿ ತೆರೆಯದೆಯೇ ತೆರೆದಂತೆ ಕಾಣುತ್ತದೆ, ಅದು ಇನ್ನೂ ಅಪಾಯಕಾರಿ. ಆ ಚಾಕನ್ನು ಬಳಸಬೇಡಿ, ಮನೆಯ ಮಕ್ಕಳ ಕೈಗೂ ಸಿಗದಂತೆ ಮಾಡಿ. ತೂತು ಮಾಡುವ ಕೆಲಸವಿದ್ದರೆ ದಬ್ಬಳವೋ ಡ್ರಿಲ್ಲೋ ಇಟ್ಟುಕೊಳ್ಳಿ.

ಸದಸ್ಯ, ಪುತ್ತೂರು: ಅರಿಸಿನವನ್ನು ಹೀಗೆ ತೆಗೆದುಹಾಕುವುದು ಸರಿಯಲ್ಲ. ನಮ್ಮ ಹಿರಿಯರು...

ಸಾಣೆಯವರು: ತುಂಡಾದ ಸ್ನಾಯುರಜ್ಜನ್ನು ಅರಿಸಿನ ಕೂಡಿಸುವುದಿಲ್ಲ. ದಯವಿಟ್ಟು ಈ ಮಾತನ್ನು ಇಲ್ಲಿ ಬೆಳೆಸಬೇಡಿ.

ಸದಸ್ಯ, ಮೈಸೂರು: ನಾನು ಮೊದಲೇ ಹೇಳಿದ್ದೆ, ಇವರಿಗೆ ಯಾವ ವಿಷಯದಲ್ಲೂ...

ನಿರ್ವಾಹಕರು: ಇಬ್ಬರ ಮುಂದಿನ ಸಂದೇಶಗಳನ್ನೂ ಅಳಿಸಬೇಕಾಗುತ್ತದೆ.

ಸದಸ್ಯ, ಕಾರ್ಕಳ: ಅಜ್ಜನ ಕಾಲದ, ಇಂಗ್ಲೆಂಡಿನ ಷೆಫೀಲ್ಡ್ ಊರಿನ ಚಾಕು ಇದೆ. ಹಿಡಿ ಜಿಂಕೆ ಕೊಂಬಿನದು. ಅದನ್ನು ಇಟ್ಟುಕೊಳ್ಳಲು ಕಾನೂನಿನ ತೊಡಕಿದೆಯೇ?

ಸದಸ್ಯ, ಬೆಂಗಳೂರು: ಕಾರ್ಬನ್ ಕೊಳ್ಳಬೇಕೇ, ಸ್ಟೇನ್‌ಲೆಸ್ ಕೊಳ್ಳಬೇಕೇ? ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯಬಹುದೇ?

ಸಾಣೆಯವರು: ಮೊದಲನೆಯದಕ್ಕೆ ಮೇಲೆ ಉತ್ತರಿಸಿದ್ದೇನೆ. ವಿಮಾನದಲ್ಲಿ ಕೈಚೀಲದಲ್ಲಿ ಬೇಡ, ಚೆಕ್-ಇನ್ ಸಾಮಾನಿನಲ್ಲಿ ಇಡಿ.

ಸದಸ್ಯೆ, ಹಾವೇರಿ: ಜಪಾನಿನ ಹಿಗೊನೊಕಾಮಿ ಹೇಗೆ?

ಸಾಣೆಯವರು: ಮಿಕಿ ಪಟ್ಟಣದ ಚಾಕು. ಅದಕ್ಕೆ ಬೀಗವೂ ಇಲ್ಲ, ಸ್ಪ್ರಿಂಗೂ ಇಲ್ಲ. ಅಲಗಿನ ಬಾಲವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೇ ಬಳಸಬೇಕು. ಪೆನ್ಸಿಲ್ ಚೂಪು ಮಾಡಲು, ಬಿದಿರು ಕೆತ್ತಲು ಬಹಳ ಚೆನ್ನಾಗಿದೆ. ಮೊದಲ ಚಾಕಾಗಿ ಬೇಡ.

ಸದಸ್ಯ, ರಾಯಚೂರು: ಎಲ್ಲಕ್ಕಿಂತ ಒಳ್ಳೆಯ ಬ್ರ್ಯಾಂಡ್ ಒಂದನ್ನು ಹೇಳಿಬಿಡಿ, ಸಾಕು.

ಸಾಣೆಯವರು: ಮೊದಲ ಉತ್ತರ ಓದಿ. ಕೊಪ್ಪದವರೇ, ಆಸ್ಪತ್ರೆಗೆ ಹೋದಿರಾ?

ಸದಸ್ಯ, ಕೊಪ್ಪ: ಅಡಿಕೆ ಕೊನೆ ಕೊಯ್ಲಿನ ಆಳುಗಳು ಬಂದಿದ್ದಾರೆ. ಕೆಲಸ ಮುಗಿಸಿ ಸೋಮವಾರ ಹೋಗುತ್ತೇನೆ.

ಸಾಣೆಯವರು: ಸೋಮವಾರ ಬೇಡ, ಈಗಲೇ ಹೊರಡಿ. ಆಳುಗಳಿಗೆ ಮನೆಯ ಇನ್ನೊಬ್ಬರು ಕೆಲಸ ಹೇಳಲಿ. ನೀವು ಹೊರಟಿರೆಂದು ಇಲ್ಲಿ ಬರೆಯುವವರೆಗೆ ನಾನು ಬೇರೆ ಯಾರಿಗೂ ಉತ್ತರಿಸುವುದಿಲ್ಲ.

ಸದಸ್ಯ, ಬೆಂಗಳೂರು: ಹಾಗಾದರೆ ಕಾರ್ಬನ್ ಎಂದುಕೊಳ್ಳಲೇ?

ಸದಸ್ಯ, ಕೊಪ್ಪ: ತಮ್ಮ ಬೈಕ್ ತೆಗೆದಿದ್ದಾನೆ, ಹೊರಟೆ.