ಬ್ವೆಲ್ತಾ: ಸುತ್ತೋ, ವಾಪಸ್ಸೋ, ಚಿಲ್ಲರೆಯೋ?

ಸ್ಪ್ಯಾನಿಷ್ ಕತೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ನಾಮಪದ ವಾರದಿಂದ ಸತಾಯಿಸುತ್ತಿದೆ: ಬ್ವೆಲ್ತಾ. ಬರೆಯುವುದು ‘ವಿ’ ಅಕ್ಷರದಿಂದ, ಬಾಯಲ್ಲಿ ಬರುವುದು ‘ಬ’.

ಮೊದಲು ಎಡವಿದ್ದು ‘ಬೀಬೆ ಆ ಲಾ ಬ್ವೆಲ್ತಾ’ ಅನ್ನುವಲ್ಲಿ. ‘ಆ ಲಾ ಬ್ವೆಲ್ತಾ’ ಅಂದರೆ ವಾಪಸ್ ಬರುವಾಗ ಅಂತ ಗೊತ್ತಿತ್ತು. ಬೀಬೆ ಅಂದರೆ ವಾಸ ಮಾಡುತ್ತಾನೆ. ‘ವಾಪಸ್ ಬರುವಾಗ ವಾಸ ಮಾಡುತ್ತಾನೆ’ ಅಂತ ಬರೆದು ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತಿದ್ದೆ. ಆಮೇಲೆ ಹೊಳೆಯಿತು, ಮೂಲೆ ತಿರುಗಿದರೆ ಅವನ ಮನೆ, ಅಷ್ಟೇ!

ಒಂದಷ್ಟು ಕಡೆ ನಮ್ಮ ‘ಸುತ್ತು’ ಸಲೀಸಾಗಿ ಕೂರುತ್ತದೆ. ಚಿಲಿ, ಪೆರುವಿನ ಅಧ್ಯಕ್ಷ ಚುನಾವಣೆಯಲ್ಲಿ ಯಾರಿಗೂ ಅರ್ಧಕ್ಕಿಂತ ಜಾಸ್ತಿ ಮತ ಬರದಿದ್ದರೆ ‘ಸೆಗುಂದಾ ಬ್ವೆಲ್ತಾ’, ಎರಡನೇ ಸುತ್ತು. 1935ರಲ್ಲಿ ಶುರುವಾದ ಸೈಕಲ್ ರೇಸು ‘ಬ್ವೆಲ್ತಾ ಆ ಎಸ್ಪಾನ್ಯಾ’, ಸ್ಪೇನ್ ಸುತ್ತು. ತಲೆ ಸುತ್ತಿದರೂ ಅವರಿಗೆ ಬ್ವೆಲ್ತಾನೇ. ‘ದಾರ್ ಊನಾ ಬ್ವೆಲ್ತಾ’ ಅಂದರೆ ಒಂದು ಸುತ್ತು ಕೊಡುವುದು. ಅವರು ಕೊಡುತ್ತಾರೆ, ನಾವು ಒಂದು ರೌಂಡು ಹೊಡೆದು ಬರುತ್ತೇವೆ.

ಸುತ್ತುವುದು, ಮರಳುವುದು ಎರಡೂ ಒಂದೇ ಪದದಲ್ಲಿ ಹೇಗೆ ಸೇರಿದವು ಅನ್ನುವುದಕ್ಕೆ ‘ಬ್ವೆಲ್ತಾ ಆಲ್ ಮುಂದೋ’, ಅಂದರೆ ಪ್ರಪಂಚದ ಸುತ್ತು, ನೋಡಬೇಕು. 1519ರಲ್ಲಿ ಸ್ಪೇನ್ ಬಿಟ್ಟ ಹಡಗುಗಳಲ್ಲಿ ‘ವಿಕ್ಟೋರಿಯಾ’ ಒಂದೇ 1522ರಲ್ಲಿ, ನಾವಿಕ ಎಲ್ಕಾನೋ ಕೈಯಲ್ಲಿ, ಭೂಮಿ ಸುತ್ತಿ ಬಂತು. ಪೂರ್ತಿ ಸುತ್ತಿದರೆ ಹೊರಟಲ್ಲಿಗೇ ಬರುತ್ತೀರಿ, ಅಲ್ವಾ? ಪಾಪ, ಆ ಹಡಗುಗಳನ್ನು ಹೊರಡಿಸಿಕೊಂಡು ಹೋದ ನಾಯಕ ಮೆಗೆಲನ್ 1521ರಲ್ಲೇ ಫಿಲಿಪ್ಪೀನ್ಸಿನಲ್ಲಿ ಸತ್ತ. ಅವನಿಗೆ ಎರಡೂ ಅರ್ಥದ ಬ್ವೆಲ್ತಾ ದಕ್ಕಲಿಲ್ಲ.

ಅಡುಗೆಮನೆಯಲ್ಲಿ ಇನ್ನೊಂದು. ಅವರ ತೊರ್ತಿಯಾ, ಅಂದರೆ ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್, ಒಂದು ಕಡೆ ಬೆಂದ ಮೇಲೆ ಬಾಣಲೆಗೆ ತಟ್ಟೆ ಮುಚ್ಚಿ, ಅಂಗೈಯಲ್ಲಿ ಒತ್ತಿ ಹಿಡಿದು, ಸರಕ್ಕನೆ ತಲೆಕೆಳಗು ಮಾಡಿ, ಮತ್ತೆ ಬಾಣಲೆಗೆ ಜಾರಿಸುತ್ತಾರೆ. ಅದೂ ಬ್ವೆಲ್ತಾ. ಸೋಲುತ್ತಿದ್ದವರು ದಿಢೀರನೆ ಗೆಲ್ಲತೊಡಗಿದರೆ ತೊರ್ತಿಯಾ ಮಗುಚಿತು ಅನ್ನುತ್ತಾರೆ. ಇಲ್ಲಿ ನನಗೆ ‘ಮಗುಚು’ ಸಾಕು.

ಅರ್ಜೆಂಟೀನಾದವರು ‘ದೆ ಬ್ವೆಲ್ತಾ’ ಅನ್ನುವುದನ್ನು ‘ಇನ್ನೊಂದು ಸಲ’ ಎಂಬ ಅರ್ಥಕ್ಕೂ ಬಳಸುತ್ತಾರೆ. ವಿಚಿತ್ರ ಅನಿಸಿತ್ತು. ಆದರೆ ನಾವೂ ‘ತಿರುಗಿ ಬಂದ’, ‘ತಿರುಗಿ ಹೇಳು’ ಅನ್ನುತ್ತೇವೆ. ‘ಮರಳಿ ಮನೆಗೆ’, ‘ಮರಳಿ ಯತ್ನ’ ಅಂತಲೂ ಹೇಳುತ್ತೇವೆ. ಧಾರವಾಡದ ಕಡೆ ‘ಹೊಳ್ಳಿ ನೋಡು’, ‘ಹೊಳ್ಳಿ ಬಾ’, ‘ಹೊಳ್ಳಿ ಹೇಳು’. ಒಂದೇ ಮಾತಿನಲ್ಲಿ ಮೂರೂ ಕೆಲಸ! ಕ್ರಿಯಾಪದಕ್ಕೆ ನಮಗೇನೂ ಬರ ಇಲ್ಲ. ನಾಮಪದಕ್ಕೆ ಬಂದಾಗಲೇ ಪೇಚು. ತಿರುವು ಅಂದರೆ ರಸ್ತೆಯದು, ತಿರುಗಾಟ ಅಂದರೆ ಸುಮ್ನೆ ಅಲೆದಾಟ. ‘ಮರಳುವಿಕೆ’ಯನ್ನು ಯಾರಾದರೂ ಬಾಯಿಬಿಟ್ಟು ಆಡಿದ್ದನ್ನು ನಾನು ಕೇಳಿಲ್ಲ.

ಈಗ ನನ್ನ ಕಷ್ಟ. ಸ್ಪೇನಿನಲ್ಲಿ ಅಂಗಡಿಯವನು ವಾಪಸ್ ಕೊಡುವ ಚಿಲ್ಲರೆಗೂ ಬ್ವೆಲ್ತಾ ಅನ್ನುತ್ತಾರೆ. ದಕ್ಷಿಣ ಅಮೆರಿಕದ ಹಲವು ಕಡೆ ಅದು ‘ಬ್ವೆಲ್ತೋ’, ಮೆಕ್ಸಿಕೋದಲ್ಲಿ ‘ಕಾಂಬ್ಯೋ’. ಕತೆಯಲ್ಲಿ ಸಂತೆಗೆ ಹೊರಟ ಹುಡುಗ ಅಜ್ಜಿಗೆ ಹೇಳುತ್ತಾನೆ: ‘ತೆ ದೋಯ್ ಲಾ ಬ್ವೆಲ್ತಾ ಆ ಲಾ ಬ್ವೆಲ್ತಾ.’ ಬರುವಾಗ ಚಿಲ್ಲರೆ ಕೊಡ್ತೀನಿ ಅಂತ. ಅಜ್ಜಿ ನಗುತ್ತಾಳೆ. ‘ಬರುವಾಗ ಚಿಲ್ಲರೆ ಕೊಡ್ತೀನಿ’ ಅಂತ ಬರೆದರೆ ಅವಳು ಯಾಕೆ ನಕ್ಕಳೋ ಯಾರಿಗೂ ತಿಳಿಯುವುದಿಲ್ಲ.

ಸದ್ಯಕ್ಕೆ ಬರೆದಿರುವುದು: ‘ವಾಪಸ್ ಬಂದು ವಾಪಸ್ ಕೊಡ್ತೀನಿ.’ ಆಟ ಉಳಿಯಿತು, ಆದರೆ ದುಡ್ಡು ಕಾಣೆ. ಅಂಗಡಿಯವನು ತಿರುಗಿ ಕೊಡುವ ದುಡ್ಡಿಗೆ ನಿಮ್ಮ ಮನೆಯಲ್ಲಿ, ನಿಮ್ಮೂರ ಸಂತೆಯಲ್ಲಿ ಚಿಲ್ಲರೆ ಬಿಟ್ಟು ಬೇರೆ ಮಾತಿದೆಯಾ? ‘ಹೊಳ್ಳಿ’ಯಿಂದ ಹುಟ್ಟಿದ್ದು ಏನಾದರೂ?