ರೋಯಿಂಗ್ ಮಷಿನ್ ಹ್ಯಾಂಡಲ್ ಅಂಟಂಟು, ಕೈಯಲ್ಲಿ ಬೊಬ್ಬೆ: ಗ್ರಿಪ್ ಬದಲಿಸಿದರೆ ಸಾಕಾ?

ಕಡಲತಡಿ (ಮಂಗಳೂರು)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಮ್ಯಾಗ್ನೆಟಿಕ್ ರೋಯಿಂಗ್ ಮಷಿನ್ ಇದೆ, ಕೂತು ದೋಣಿಗೆ ಹುಟ್ಟು ಹಾಕುವ ಹಾಗೆ ಬೆಲ್ಟಿಗೆ ಕಟ್ಟಿದ ಹ್ಯಾಂಡಲ್ ಎಳೆಯುವ ವ್ಯಾಯಾಮದ ಮಷಿನ್. ತಗೊಂಡು ಎರಡೂವರೆ ವರ್ಷ ಆಯಿತು. ವಾರಕ್ಕೆ ನಾಲ್ಕು ದಿನ, ದಿನಕ್ಕೆ 40 ನಿಮಿಷ ಎಳೆಯುತ್ತೇನೆ. ಈ ಮಳೆಗಾಲ ಶುರುವಾದ ಮೇಲೆ ಹ್ಯಾಂಡಲ್‌ನ ಕಪ್ಪು ಗ್ರಿಪ್ ಬೆಲ್ಲದ ಪಾಕದ ಹಾಗೆ ಅಂಟಂಟಾಗಿದೆ. ಅಲ್ಲಲ್ಲಿ ಕಿತ್ತು ಬಂದಿದೆ. ಎಳೆದು ಮುಗಿಸುವಾಗ ಅಂಗೈಯೆಲ್ಲ ಮಸಿ. ದಿನಾ ಸ್ಯಾನಿಟೈಸರ್ ಹಾಕಿ ಒರೆಸಿ ಇಡುತ್ತೇನೆ, ಆದರೂ ಹೀಗೆ.

ಜೊತೆಗೆ ಎರಡೂ ಅಂಗೈಯ ನಡುವೆ ಬೊಬ್ಬೆ ಎದ್ದಿದೆ. "ಕೈ ನೋಡು ಹೇಗಾಗಿದೆ, ಇದೆಲ್ಲ ಯಾಕೆ ಬೇಕು" ಅಂತ ಅಮ್ಮನ ಬೊಬ್ಬೆ ಬೇರೆ. ಇಪ್ಪತ್ತು ನಿಮಿಷ ದಾಟಿದರೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಗ್ಲೌಸ್ ಹಾಕಿ ನೋಡಿದೆ, ಇನ್ನೂ ಜಾಸ್ತಿ ಆಯಿತು. ಈ ಹ್ಯಾಂಡಲ್‌ಗೆ ಬಿಡಿ ಗ್ರಿಪ್ ಸಿಗುವುದಿಲ್ಲವಂತೆ. ಏನು ಮಾಡಲಿ?

ಗ್ಯಾರೇಜ್_ಗುರು (ಹುಬ್ಬಳ್ಳಿ)

ಮೇಡಂ, ಮೊದಲು ಸ್ಯಾನಿಟೈಸರ್ ನಿಲ್ಲಿಸಿ. ಹಳೇ ಟಾರ್ಚ್, ಕೊಡೆ ಹಿಡಿ ಕಪಾಟಿನಲ್ಲಿ ಇಟ್ಟಲ್ಲೇ ಅಂಟಾಗುವುದನ್ನು ನೋಡಿದ್ದೀರಲ್ವಾ? ಅದೇ ಜಾತಿ ಇದು. ಮೆತ್ತಗಿನ ರಬ್ಬರ್‌ನಂಥ ವಸ್ತು ತೇವಕ್ಕೆ, ಬೆವರಿಗೆ ನಿಧಾನವಾಗಿ ಹಾಳಾಗುತ್ತದೆ. ಸ್ಯಾನಿಟೈಸರ್‌ನ ಆಲ್ಕೋಹಾಲ್ ಆ ಕೆಲಸವನ್ನು ಬೇಗ ಮುಗಿಸುತ್ತದೆ. ಒಮ್ಮೆ ಅಂಟಾದದ್ದು ವಾಪಸ್ ಸರಿಯಾಗುವುದಿಲ್ಲ. ಪೌಡರ್ ಹಚ್ಚಿದರೆ ಎರಡು ದಿನ ಅಷ್ಟೇ. ಕಿತ್ತು ಬಿಸಾಡುವುದೇ ಒಳ್ಳೆಯದು.

ಕೀಳುವ ಮೊದಲು ಒಂದು ಮಾತು. ಹ್ಯಾಂಡಲ್ ಬಿಚ್ಚುವ ಹಾಗಿದ್ದರೆ ಬೆಲ್ಟ್ ಹುಷಾರು. ಅದು ಒಳಗಿನ ಸ್ಪ್ರಿಂಗ್‌ಗೆ ಸುತ್ತಿಕೊಳ್ಳುತ್ತದೆ. ಕೈ ತಪ್ಪಿದರೆ ಸರ್ರನೆ ಒಳಗೆ ಹೋಗಿ, ಮತ್ತೆ ಹೊರಗೆ ತೆಗೆಯಲು ಮಷಿನ್ ಕವರ್ ಬಿಚ್ಚಬೇಕು. ಬೆಲ್ಟಿನ ತುದಿಯ ಕುಣಿಕೆಯಲ್ಲಿ ಒಂದು ದಪ್ಪ ಸ್ಕ್ರೂಡ್ರೈವರ್ ತೂರಿಸಿ ನಿಲ್ಲಿಸಿಕೊಳ್ಳಿ, ಆಮೇಲೆ ಬೋಲ್ಟ್ ತೆಗೆಯಿರಿ. ಹಾಗೇ ಆ ಕುಣಿಕೆಯ ಹೊಲಿಗೆಯನ್ನೂ ನೋಡಿಬಿಡಿ. ಎಳೆ ಬಿಟ್ಟಿದ್ದರೆ ಗ್ರಿಪ್‌ಗಿಂತ ಮೊದಲು ಬೆಲ್ಟ್ ಬದಲಿಸಬೇಕು.

ಗ್ರಿಪ್ಪನ್ನು ಕಟರ್ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸುಲಿಯಿರಿ. ಪೈಪಿಗೆ ಅಂಟಿದ ಕೊಳೆಗೆ ತೆಂಗಿನೆಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು ಉಜ್ಜಿ, ಬಿಟ್ಟುಕೊಳ್ಳುತ್ತದೆ. ನಂತರ ಪಾತ್ರೆ ಸೋಪು ಹಾಕಿ ಎಣ್ಣೆಯ ಪಸೆ ಒಂಚೂರೂ ಇಲ್ಲದ ಹಾಗೆ ತೊಳೆದು ಒಣಗಿಸಿ. ನಿಮ್ಮದು ಕಡಲ ಪಕ್ಕದ ಊರು, ಒಳಗೆ ತುಕ್ಕು ಇರಬಹುದು. ಇದ್ದರೆ ಉಪ್ಪುಕಾಗದ ಹಾಕಿ ಉಜ್ಜಿ.

ಹೊಸ ಗ್ರಿಪ್‌ಗೆ ಎಲ್ಲೂ ಹುಡುಕಬೇಡಿ. ಕ್ರಿಕೆಟ್ ಬ್ಯಾಟಿನ ರಬ್ಬರ್ ಗ್ರಿಪ್ ಸಾಕು. ಆಟದ ಸಾಮಾನಿನ ಅಂಗಡಿಗೆ ಹ್ಯಾಂಡಲ್ಲನ್ನೇ ತಗೊಂಡು ಹೋಗಿ ಹಾಕಿಸಿ ನೋಡಿ. ಬಿಗಿಯಾಗಿ ಕೂರಬೇಕು, ಕೈಯಲ್ಲಿ ತಿರುಚಿದರೆ ತಿರುಗಬಾರದು. ಉಬ್ಬುಗೆರೆ ಜಾಸ್ತಿ ಇರುವುದು ಬೇಡ, ಚರ್ಮ ತಿನ್ನುತ್ತದೆ.

ಸುಮ್ನೆ_ಬಂದೆ

ಸೈಕಲ್ ಹ್ಯಾಂಡಲ್‌ಗೆ ಹಾಕುವ ದಪ್ಪ ಫೋಮ್ ಹಾಕಿ ಮೇಡಂ. ಮೆತ್ತಗಿರುತ್ತದೆ, ಬೊಬ್ಬೆ ಬರಲ್ಲ.

ಕಡಲತಡಿ

ಫೋಮ್ ಮನೆಯಲ್ಲೇ ಇತ್ತು, ತಮ್ಮನ ಸೈಕಲ್‌ನದ್ದು. ಹಳೇ ಗ್ರಿಪ್ ಸುಲಿದು ಅದನ್ನು ಹಾಕಿ ಮೂರು ದಿನ ಎಳೆದೆ. ಮೊದಲ ಹತ್ತು ನಿಮಿಷ ಹಾಯ್ ಅನಿಸಿತು. ಆಮೇಲೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಬಿಗಿದುಕೊಂಡು ನೋವು. ಮೂರನೇ ದಿನ ಟೂತ್‌ಪೇಸ್ಟ್ ಮುಚ್ಚಳ ತಿರುಗಿಸಲೂ ಆಗಲಿಲ್ಲ. ಜೋಮು ಹಾಗೇ ಇದೆ.

ಹುಟ್ಟುಗೋಲು (ಬೆಂಗಳೂರು)

ಫೋಮ್ ತೆಗೆದುಬಿಡಿ. ಹಿಡಿ ದಪ್ಪ ಆದಷ್ಟೂ ಬೆರಳು ಪೂರ್ತಿ ಮಡಚುವುದಿಲ್ಲ. ಆಗ ಜಾರದ ಹಾಗೆ ಹಿಡಿಯಲು ಮುಂಗೈ ಸ್ನಾಯು ದುಪ್ಪಟ್ಟು ದುಡಿಯಬೇಕು. ಮೆತ್ತಗಿದ್ದರೆ ಹಾಯಾಗಿರುತ್ತದೆ ಅನ್ನುವುದು ಈ ಮಷಿನ್ ವಿಷಯದಲ್ಲಿ ಸುಳ್ಳು. ಗ್ಲೌಸಿನದ್ದೂ ಅದೇ ಕಥೆ. ಒಳಗೆ ಬಟ್ಟೆ ಮಡಿಕೆ ಬಿದ್ದು ಅದೇ ಚರ್ಮ ಉಜ್ಜುತ್ತದೆ.

ಒಂದು ಸಹಾಯ ಮಾಡಿ. ಸುಲಿದ ಹಳೇ ಗ್ರಿಪ್ ಇನ್ನೂ ಇದೆಯಾ? ಇದ್ದರೆ ಎಲ್ಲೆಲ್ಲಿ ಸವೆದಿದೆ ಅಂತ ಫೋಟೋ ಹಾಕಿ. ಯಾವುದು ಮೇಲೆ ಯಾವುದು ಕೆಳಗೆ ಇತ್ತು ಅನ್ನುವುದನ್ನೂ ಬರೆಯಿರಿ.

ಕಡಲತಡಿ

ಕಸದ ಡಬ್ಬಿಯಿಂದ ಎತ್ತಿ ತಂದೆ! ಫೋಟೋ ಹಾಕಿದ್ದೇನೆ. ಎರಡೂ ಕಡೆ ಬೆಲ್ಟಿಗೆ ಹತ್ತಿರದ ಭಾಗ ಹೋಗಿದೆ, ತುದಿಗಳು ಹೊಸದರ ಹಾಗೇ ಇವೆ. ಮೇಲ್ಭಾಗ ಜಾಸ್ತಿ ಸವೆದಿದೆ. ಕೆಳಗೆ ಹೆಬ್ಬೆರಳು ಒತ್ತಿ ಒತ್ತಿ ಗುಳಿ ಬಿದ್ದಿದೆ.

ಹುಟ್ಟುಗೋಲು

ಸವೆದ ಚಪ್ಪಲಿ ನೋಡಿ ನಡಿಗೆ ಹೇಳುತ್ತಾರಲ್ಲ, ಹಾಗೇ ಇದೂ. ಗ್ರಿಪ್ ಸತ್ತಿದ್ದು ನಿಜ. ಆದರೆ ನಿಮ್ಮ ಕೈ ಹಾಳಾಗುತ್ತಿರುವುದು ಅದೊಂದರಿಂದಲೇ ಅಲ್ಲ.

ಎಳೆಯುವಾಗ ಭಾರ ಬೀಳಬೇಕಾದ್ದು ಬೆರಳುಗಳ ಮೇಲೆ. ಬೆರಳು ಕೊಕ್ಕೆಯ ಹಾಗೆ ಹ್ಯಾಂಡಲ್‌ನ ಆಚೆ ಬದಿಗೆ ಸಿಕ್ಕಿಕೊಂಡಿರಬೇಕು. ಅಂದರೆ ಸವೆಯಬೇಕಾದ್ದು ಆಚೆ ಬದಿ. ನಿಮ್ಮದು ಮೇಲ್ಭಾಗ ಸವೆದಿದೆ. ನೀವು ಅಂಗೈ ಊರಿ, ಮಣಿಕಟ್ಟು ಬಗ್ಗಿಸಿ ಎಳೆಯುತ್ತಿದ್ದೀರಿ. ಹೆಬ್ಬೆರಳಿನ ಗುಳಿ ಹೇಳುವುದು, ಹಿಂಡಿ ಹಿಡಿಯುತ್ತೀರಿ ಅಂತ. ಬಗ್ಗಿದ ಮಣಿಕಟ್ಟು, ಬಿಗಿ ಹಿಡಿತ, ಮೇಲೆ ಅಂಗೈಗೆ ಒತ್ತಡ. ಜೋಮು ಅಲ್ಲಿಂದಲೇ ಬಂದಿರುವ ಸಾಧ್ಯತೆ ಜಾಸ್ತಿ. ಬೊಬ್ಬೆ ಬೆರಳಿನ ಬುಡದಲ್ಲಿ ಬರದೆ ಅಂಗೈ ನಡುವೆ ಬಂದಿರುವುದೂ ಅದಕ್ಕೇ.

ತುಂಬಿದ ಬಕೆಟ್ ಎತ್ತಿಕೊಂಡು ಹೋಗುವಾಗ ಯಾರೂ ಹಿಡಿಯನ್ನು ಹಿಂಡುವುದಿಲ್ಲ. ಬೆರಳಿಗೆ ನೇತುಹಾಕಿಕೊಂಡು ನಡೆಯುತ್ತೇವೆ. ಹ್ಯಾಂಡಲ್ ಹಿಡಿಯುವುದೂ ಹಾಗೇ. ಹೆಬ್ಬೆರಳು ಕೆಳಗೆ ಸುಮ್ನೆ ತಾಗಿದರೆ ಸಾಕು. ಮೊಣಕೈಯಿಂದ ಬೆರಳ ಗೆಣ್ಣಿನವರೆಗೆ ಕೈ ಒಂದೇ ಗೆರೆ. ಕೈಗಳನ್ನು ಹೊರಗೆ, ತುದಿಗಳ ಕಡೆಗೆ ಸರಿಸಿ. ಎಳೆದು ಮುಗಿಸಿ ಕೈ ಮುಂದಕ್ಕೆ ಹೋಗುವಾಗ ಬೆರಳು ಸಡಿಲ ಬಿಡಿ. ಪೂರ್ತಿ ಬಿಟ್ಟುಬಿಡಬೇಡಿ, ಹ್ಯಾಂಡಲ್ ಹಾರಿ ಮಷಿನ್‌ಗೆ ಬಡಿಯುತ್ತದೆ. ನಿಮಿಷಕ್ಕೆ 24 ಸಲ ಎಳೆದರೂ 40 ನಿಮಿಷಕ್ಕೆ 960 ಸಲ. ಅಷ್ಟೂ ಸಲ ಬೆರಳಿಗೆ ಅರೆಕ್ಷಣ ಬಿಡುವು ಸಿಗುತ್ತದೆ ಅಂದುಕೊಳ್ಳಿ.

ಮಷಿನ್ ಎಳೆಯಲು ಎಷ್ಟು ಭಾರ ಇರಬೇಕು ಅನ್ನುವ ಲೆವೆಲ್ ಎಷ್ಟರಲ್ಲಿ ಇಟ್ಟಿದ್ದೀರಿ?

ಕಡಲತಡಿ

8. ಅದೇ ಕೊನೆಯದು. ಜಾಸ್ತಿ ಇಟ್ಟರೆ ಜಾಸ್ತಿ ವ್ಯಾಯಾಮ ಅಲ್ವಾ? 🙈

ಹುಟ್ಟುಗೋಲು

ಅಲ್ಲ. 😄 ಎಲ್ಲರೂ ಮಾಡುವ ತಪ್ಪು. ನನ್ನ ಹತ್ತಿರ ಕಾನ್ಸೆಪ್ಟ್2 ಕಂಪನಿಯ ಮಾಡೆಲ್ ಡಿ ರೋಯಿಂಗ್ ಮಷಿನ್ ಇದೆ, ಅದರಲ್ಲಿ ಗಾಳಿ ಬಿಡುವ ಡ್ಯಾಂಪರ್ 1ರಿಂದ 10ರವರೆಗೆ. ನಾನೂ ಮೊದಲು 10ಕ್ಕೆ ಇಟ್ಟು ಕೈ ಸುಲಿಸಿಕೊಂಡವನೇ. ಈಗ 4 ದಾಟುವುದಿಲ್ಲ. ಭಾರ ಹೆಚ್ಚಿದಷ್ಟೂ ಪ್ರತಿ ಎಳೆತ ನಿಧಾನ, ಕೈ ಹಿಂಡುವುದು ಜಾಸ್ತಿ. ನಿಮ್ಮದನ್ನು 4ಕ್ಕೆ ಇಳಿಸಿ, ಕಾಲಿನಿಂದ ಜೋರಾಗಿ ತಳ್ಳಿ. ವ್ಯಾಯಾಮ ಏನೂ ಕಡಿಮೆಯಾಗುವುದಿಲ್ಲ.

ಇನ್ನೊಂದು ವಿಷಯ. ನನ್ನದರ ಹ್ಯಾಂಡಲ್ 10 ಡಿಗ್ರಿ ಬಾಗಿದೆ, ಮಣಿಕಟ್ಟು ತಾನಾಗಿ ನೇರ ನಿಲ್ಲುತ್ತದೆ. ನಿಮ್ಮದು ನೇರ ಪೈಪ್ ಇರುವ ಹಾಗಿದೆ ಫೋಟೋದಲ್ಲಿ. ಹಾಗಿದ್ದರೆ ಮಣಿಕಟ್ಟಿನ ಮೇಲೆ ನೀವೇ ಗಮನ ಇಡಬೇಕು.

ಬೊಬ್ಬೆ ಒಡೆಯಬೇಡಿ. ಒಡೆದಿದ್ದರೆ ಸೋಪು ನೀರಲ್ಲಿ ತೊಳೆದು, ಮುಚ್ಚಿ, ಆರುವವರೆಗೆ ರಜೆ. ಜಡ್ಡು ಕಟ್ಟಿದರೆ ಸ್ನಾನ ಆದ ಮೇಲೆ ಹಿಮ್ಮಡಿ ಉಜ್ಜುವ ಕಲ್ಲಿನಿಂದ ತೆಳ್ಳಗೆ ಉಜ್ಜಿ. ಪೂರ್ತಿ ತೆಗೆಯಬೇಡಿ, ಅದೇ ನಿಮ್ಮ ಗ್ಲೌಸ್. ಉಂಗುರ ಇದ್ದರೆ ತೆಗೆದಿಟ್ಟು ಎಳೆಯಿರಿ. ಇಷ್ಟಾದ ಮೇಲೂ ಎರಡು ವಾರದಲ್ಲಿ ಜೋಮು ಹೋಗದಿದ್ದರೆ, ಅಥವಾ ರಾತ್ರಿ ಮಲಗಿದಾಗಲೂ ಬಂದರೆ, ಇಲ್ಲಿ ಕೇಳುವುದು ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.

ಗ್ಯಾರೇಜ್_ಗುರು

ನಾನು ಬರೀ ರಬ್ಬರ್ ನೋಡಿದೆ, ಇವರು ಕೈ ನೋಡಿದರು. ಸರಿ. ಬ್ಯಾಟ್ ಗ್ರಿಪ್ ಮೇಲೆ ಬ್ಯಾಡ್ಮಿಂಟನ್ ರಾಕೆಟ್ ಹಿಡಿಗೆ ಸುತ್ತುವ ತೆಳು ಪಟ್ಟಿ, ಅಂದರೆ ಓವರ್‌ಗ್ರಿಪ್ ಒಂದೇ ಸುತ್ತು ಸುತ್ತಿದರೆ ಬೆವರು ಹೀರುತ್ತದೆ, ದಪ್ಪವೂ ಆಗುವುದಿಲ್ಲ. ಕೊಳೆಯಾದರೆ ಬಿಚ್ಚಿ ಬೇರೆ ಸುತ್ತಿ. ಎರಡು ಪ್ಲೇಟ್ ಬನ್ಸಿನ ಖರ್ಚು. ಒರೆಸಲು ಸೋಪು ನೀರಿನ ಒದ್ದೆ ಬಟ್ಟೆ ಸಾಕು, ಆಮೇಲೆ ಫ್ಯಾನ್ ಕೆಳಗೆ ಒಣಗಲಿ.

ಕಡಲತಡಿ (ಮೂರು ವಾರದ ನಂತರ)

ವರದಿ ಒಪ್ಪಿಸುತ್ತಿದ್ದೇನೆ. ಪೈಪಿನ ಬಲಗಡೆ ನಿಜಕ್ಕೂ ತುಕ್ಕು ಇತ್ತು, ಉಜ್ಜಿದೆ. ಬ್ಯಾಟ್ ಗ್ರಿಪ್ ಒಂದನ್ನೇ ಎರಡು ತುಂಡು ಮಾಡಿ ಎರಡೂ ಕಡೆಗೆ ಹಾಕಿದೆ. ಲೆವೆಲ್ 4. ಮೊದಲ ವಾರ ಬಕೆಟ್ ಬಕೆಟ್ ಅಂತ ಮನಸ್ಸಲ್ಲೇ ಹೇಳಿಕೊಂಡು ಎಳೆದೆ, ಆದರೂ ಸುಸ್ತಾದ ಕೂಡಲೇ ಹೆಬ್ಬೆರಳು ಹಿಂಡಲು ಶುರು ಮಾಡುತ್ತಿತ್ತು. ಈಗ ಜೋಮು ಇಲ್ಲ. ಬೊಬ್ಬೆ ಆರಿದೆ, ಬೆರಳಿನ ಬುಡದಲ್ಲಿ ಸಣ್ಣಗೆ ಜಡ್ಡು ಬರುತ್ತಿದೆ. ಎಡಗೈ ಮಣಿಕಟ್ಟು ಮಾತ್ರ ಕೊನೆಯ ಐದು ನಿಮಿಷ ಈಗಲೂ ಬಗ್ಗುತ್ತದೆ.

ಅಂದ ಹಾಗೆ ಗ್ರಿಪ್ ಹಾಕಲು ಮನೆಯಲ್ಲಿ ಒಂದು ಗಂಟೆ ಗುದ್ದಾಡಿದೆ, ಒಳಗೆ ಹೋಗಲೇ ಇಲ್ಲ. ಕೊನೆಗೆ ಪಂಕ್ಚರ್ ಅಂಗಡಿಗೆ ಹೋದೆ. ಅವರು ಗ್ರಿಪ್ ಮತ್ತು ಪೈಪಿನ ನಡುವೆ ಕಂಪ್ರೆಸರ್ ಗಾಳಿ ಬಿಟ್ಟರು, ರಬ್ಬರ್ ಉಬ್ಬಿ ಜಾರಿಕೊಂಡು ಹೋಗಿ ಕೂತಿತು. ಎರಡು ನಿಮಿಷದ ಕೆಲಸ. ದುಡ್ಡು ತಗೊಳ್ಳಲಿಲ್ಲ. "ಇದು ಯಾವ ಗಾಡಿಯ ಹ್ಯಾಂಡಲ್?" ಅಂತ ಕೇಳಿದರು. ಎಷ್ಟು ಎಳೆದರೂ ಮುಂದೆ ಹೋಗದ ಗಾಡಿ ಅಂದೆ.